ಎವರೆಸ್ಟ್ ದಾರಿಯಲ್ಲಿ ಭಾವನ ಫಿಲ್ಟರ್

ಮೊನ್ನೆ ಮಡಿಕೇರಿಯಲ್ಲಿ ನೆಂಟರ ಮದುವೆ. ಊಟಕ್ಕೆ ಕೂತದ್ದೇ ತಡ, ನಮ್ಮ ಭಾವ ಮತ್ತೆ ಎವರೆಸ್ಟ್ ಕತೆ ಶುರು ಮಾಡಿದರು. "ಬೇಸ್ ಕ್ಯಾಂಪಲ್ಲಿ ನಿಂತರೆ ಎವರೆಸ್ಟ್ ಹೀಗೆ, ಮೂಗಿನ ಮುಂದೆ ಉಂಟು" ಅಂತ ಹಪ್ಪಳ ಎತ್ತಿ ತೋರಿಸಿದರು. ಬೇಸ್ ಕ್ಯಾಂಪಿನಿಂದ ಎವರೆಸ್ಟಿನ ತುದಿ ಕಾಣುವುದೇ ಇಲ್ಲ. ಬೇರೆ ಬೆಟ್ಟಗಳು ಅಡ್ಡ ಇವೆ. ನೋಡಲೇಬೇಕು ಅಂದರೆ ಪಕ್ಕದ ಕಾಲಾಪತ್ಥರ್ ಹತ್ತಬೇಕು. ಬೆಳಗಿನ ಜಾವ ಆ ಚಳಿಯಲ್ಲಿ ಅದನ್ನು ಹತ್ತಿದ್ದು ನಾನು. ಭಾವ ಕೆಳಗೆ ಗೋರಕ್‌ಶೆಪ್‌ನ ಲಾಡ್ಜಿನಲ್ಲಿ ತಲೆನೋವು ಅಂತ ಮಲಗಿದ್ದರು. ಹೋಗಲಿ, ಅಕ್ಕನ ಗಂಡ, ನಾಲ್ಕು ಜನರ ಮುಂದೆ ತಿದ್ದುವುದು ಬೇಡ ಅಂತ ಸುಮ್ಮನಿದ್ದೆ. ಆದರೆ ಪಾಯಸ ಬಂತು, ಮಜ್ಜಿಗೆ ಬಂತು, ಕೈ ತೊಳೆದೂ ಆಯಿತು, ಸ್ಲೀಪಿಂಗ್ ಬ್ಯಾಗಿನ ವಿಷಯ ಮಾತ್ರ ಬರಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊಡಗಿನವರಿಗೆ ಪ್ರವಾಸಿಗಳ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ? ಶನಿವಾರ ಬಂತೆಂದರೆ ರಾಜಾಸೀಟ್ ಕಡೆ ಗಾಡಿ ತಿರುಗಿಸಲು ಜಾಗ ಇರುವುದಿಲ್ಲ. ಮೇ ತಿಂಗಳಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಬರುವವರು, ಗಾಡಿ ನಿಲ್ಲಿಸಿ "ಇಲ್ಲಿ ನೋಡೋಕೆ ಏನಿದೆ?" ಅಂತ ಕೇಳುವವರು, ಮಂಜು ನೋಡಲು ಬಂದು ಮಂಜಿನಲ್ಲಿ ಏನೂ ಕಾಣಲ್ಲ ಅಂತ ನಮಗೇ ಬೈಯುವವರು. ಅವರನ್ನು ನೋಡಿ ನಗುವುದು ನಮ್ಮ ಹುಟ್ಟುಹಕ್ಕು. ಆ ಹಕ್ಕು ಕಠ್ಮಂಡುವಿನಲ್ಲಿ ಇಳಿದ ದಿನವೇ ನಮ್ಮ ಕೈಬಿಟ್ಟಿತು. ಅಲ್ಲಿ ಮಂಕಿ ಕ್ಯಾಪ್ ನಮ್ಮ ತಲೆ ಮೇಲಿತ್ತು.

ಭಾವನದು ಭಾಗಮಂಡಲದ ಹತ್ತಿರ ತೋಟ. ಕಾಫಿ, ಒಂದಿಷ್ಟು ಕರಿಮೆಣಸು. ದಿನಾ ತೋಟದ ಏರು ಹತ್ತಿ ಇಳಿಯುವವನಿಗೆ ಬೆಟ್ಟ ಏನು ಮಹಾ ಅನ್ನುವುದು ಅವರ ವಾದ. ತಯಾರಿ ಅಂತ ಮಾಡಿದ್ದು ತಡಿಯಂಡಮೋಳ್ ಹತ್ತಿದ್ದೊಂದೇ. 1748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ವಿಮಾನ ನಮ್ಮನ್ನು ಇಳಿಸಿದ ಲುಕ್ಲಾ ಇರುವುದೇ 2860 ಮೀಟರಿನಲ್ಲಿ! ಬೂಟಿನ ಲೇಸ್ ಕಟ್ಟುವ ಮೊದಲೇ ನಮ್ಮ ತಡಿಯಂಡಮೋಳ್ ಸಾವಿರ ಮೀಟರಿಗಿಂತ ಕೆಳಗೆ ಉಳಿದಿತ್ತು.

ಲುಕ್ಲಾದ ರನ್‌ವೇ ಉದ್ದ 527 ಮೀಟರ್, ಅದೂ ಏರು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಣಿವೆ. ಇಳಿಯುವಾಗ ಭಾವ ಕಣ್ಣು ಮುಚ್ಚಿ ಕಾವೇರಮ್ಮನನ್ನು ಕರೆದದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಇಳಿದ ಮೇಲೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಮಳೆಗಾಲದಲ್ಲಿ ಸಂಪಾಜೆ ಘಾಟಿ ಬಸ್ಸಲ್ಲಿ ಬಂದವರಿಗೆ ಇದೆಲ್ಲ ಎಂಥ ಮಾರಾಯ!"

ಅಲ್ಲಿಂದ ಶುರುವಾಯಿತು "ನಮ್ಮ ಕೊಡಗಲ್ಲಿ". ದೂಧ್‌ಕೋಸಿ ನದಿಯ ಮೇಲೆ, ಕೆಳಗೆ ನೋಡಿದರೆ ತಲೆ ತಿರುಗುವಷ್ಟು ಎತ್ತರದಲ್ಲಿ ತೂಗುಸೇತುವೆ. "ನಮ್ಮ ನಿಸರ್ಗಧಾಮದಲ್ಲೂ ಉಂಟು." ದೇವರ ಮಂತ್ರ ಕೆತ್ತಿದ ಮಣಿ ಕಲ್ಲುಗಳ ಗೋಡೆಯನ್ನು ಬಲಕ್ಕೆ ಬಿಟ್ಟು ಎಡಗಡೆಯಿಂದ ಹೋಗಬೇಕು ಅಂತ ಗೈಡ್ ಹೇಳಿದ. "ನಮ್ಮಲ್ಲೂ ಪ್ರದಕ್ಷಿಣೆ ಹಾಗೇ" ಅಂದರು, ಅಂದು ಆಚೆ ದಾರಿ ಸ್ವಲ್ಪ ಕಮ್ಮಿ ಏರು ಅಂತ ಅಲ್ಲೇ ನುಗ್ಗಿದರು. ಗೈಡ್ ಕರೆದು ವಾಪಸ್ ತಂದ. ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಪ್ಲೈವುಡ್ ಹೊತ್ತ ಹುಡುಗನೊಬ್ಬ ನಮ್ಮನ್ನು ದಾಟಿ ಮೇಲೆ ಹೋದಾಗ ಮಾತ್ರ ಭಾವ ಏನೂ ಅನ್ನಲಿಲ್ಲ. ಏದುಸಿರು ಬರುತ್ತಿತ್ತು. ಸುಧಾರಿಸಿಕೊಂಡು, ಮೊಬೈಲಿನಲ್ಲಿದ್ದ ತಡಿಯಂಡಮೋಳ್ ಫೋಟೊವನ್ನು ಗೈಡ್‌ಗೆ ತೋರಿಸಿದರು. ಅವನು ಪಾಪ, ತುಂಬಾ ಹೊತ್ತು ನೋಡಿದ. ನೋಡಿ, "ಚೆನ್ನಾಗಿದೆ ಸಾರ್, ನಮ್ಮ ಮನೆ ಹಿಂದೆಯೂ ಇಂಥದ್ದು ಇದೆ" ಅಂದ.

ನಾಮ್ಚೆಯಲ್ಲಿ ಒಂದು ದಿನ ವಿಶ್ರಾಂತಿ. ವಿಶ್ರಾಂತಿ ಅಂದರೆ ಇನ್ನೂ ಮೇಲಕ್ಕೆ ಹತ್ತಿ ವಾಪಸ್ ಇಳಿಯುವುದು. ಹಾಗೆ ಮಾಡಿದರೆ ಮೈ ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ಲುಕ್ಲಾದಿಂದ ಮೇಲೆ ಗಾಡಿ ಹೋಗುವ ರಸ್ತೆ ಇಲ್ಲ. ಹೆಚ್ಚಿನದೆಲ್ಲ ಮನುಷ್ಯರ ಬೆನ್ನ ಮೇಲೆ, ಇಲ್ಲಾ ಯಾಕ್, ಹೇಸರಗತ್ತೆಗಳ ಬೆನ್ನ ಮೇಲೆ ಬರಬೇಕು. ಹಾಗಾಗಿ ಮೇಲೆ ಹೋದಷ್ಟೂ ರೇಟು ಮೇಲೆ. ನಮ್ಮ ಒಂದು ರೂಪಾಯಿಗೆ ಅಲ್ಲಿ 1 ರೂಪಾಯಿ 60 ಪೈಸೆ. ಭಾವ ಮೆನು ಹಿಡಿದರೆ ಮೊಬೈಲಿನಲ್ಲಿ 1.6ರಿಂದ ಭಾಗಿಸುತ್ತಾ ಕೂರುತ್ತಿದ್ದರು. ಅಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ತರಿಸುತ್ತಿದ್ದದ್ದು ದಾಲ್ ಭಾತ್. ಅನ್ನ ಬೇಳೆ ಮತ್ತೆ ಮತ್ತೆ ಬಡಿಸುತ್ತಾರೆ, ಅದೇ ಲಾಭ.

ಈಗ ಕಾಫಿಗೆ ಬರೋಣ.

ಅಲ್ಲಿ ಕಾಫಿ ಅಂದರೆ ಬಿಸಿನೀರಿಗೆ ಇನ್‌ಸ್ಟಂಟ್ ಪುಡಿ, ಹಾಲಿನ ಪುಡಿ. ಭಾವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ ಮುಖ ನೀವು ನೋಡಬೇಕಿತ್ತು. ದಿಂಗ್‌ಬೋಚೆ ಮುಟ್ಟುವವರೆಗೆ ಹೇಗೋ ತಡೆದುಕೊಂಡರು. 4410 ಮೀಟರ್. ಅಲ್ಲಿ ಸಂಜೆ ಎಲ್ಲರೂ ಒಲೆ ಸುತ್ತ ಕೂತಿರುವಾಗ ಬ್ಯಾಗಿನಿಂದ ಬಟ್ಟೆ ಸುತ್ತಿದ ಒಂದು ಡಬ್ಬಿ ತೆಗೆದರು. ನಾನು ಅಷ್ಟು ದಿನ ಅದು ಅವರ ಶುಗರ್ ಮಾತ್ರೆ ಡಬ್ಬಿ ಅಂದುಕೊಂಡಿದ್ದೆ. ನೋಡಿದರೆ ಸ್ಟೀಲಿನ ಕಾಫಿ ಫಿಲ್ಟರ್! ಜೊತೆಗೆ ತೋಟದ್ದೇ ಪುಡಿ.

ಒಂದು ಫ್ಲಾಸ್ಕ್ ಬಿಸಿನೀರು ದುಡ್ಡು ಕೊಟ್ಟು ತರಿಸಿದರು. ಪುಡಿ ಹಾಕಿ, ಒತ್ತಿ, ನೀರು ಸುರಿದು, ಮುಚ್ಚಳ ಮುಚ್ಚಿ, ಗಡಿಯಾರ ನೋಡುತ್ತಾ ಕೂತರು. ಪಕ್ಕದ ಮೇಜಿನ ವಿದೇಶಿಯರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಭಾವ ಇಂಗ್ಲಿಷಿನಲ್ಲಿ ಪಾಠ ಶುರು ಮಾಡಿದರು: ಕೂರ್ಗ್, ಮೈ ಎಸ್ಟೇಟ್, ಮರದ ನೆರಳಿನಲ್ಲಿ ಬೆಳೆಯುವ ಕಾಫಿ. ಒಬ್ಬಳು ವಿಡಿಯೊ ಮಾಡಿಕೊಂಡಳು. ಸುಮಾರು ಹೊತ್ತಾದ ಮೇಲೆ ಮೇಲಿನ ಡಬ್ಬಿ ಎತ್ತಿದರು. ಕೆಳಗೆ ತೆಳ್ಳಗೆ, ತಣ್ಣಗೆ, ಯಾರದೋ ಲೋಟ ತೊಳೆದದ್ದು ಅನ್ನಿಸುವ ಬಣ್ಣದ ನೀರು.

ತಪ್ಪು ನೀರಿನದು ಅಂತ ತೀರ್ಮಾನವಾಯಿತು. ಸೀದಾ ಅಡುಗೆಮನೆಗೆ ಹೋಗಿ, ನೀರು ಸರಿಯಾಗಿ ಕುದಿಸಿ ಕೊಡಿ ಅಂದರು. ಲಾಡ್ಜಿನ ದೀದಿ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ನೀರು ಕೊತಕೊತ ಕುದಿಯುತ್ತಿತ್ತು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ, ನೀರು 85 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ, ಇನ್ನು ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿ ಆಗಲ್ಲ ಅಂತ ನಾನು ವಿವರಿಸಿದೆ. "ಕುದಿಯುವ ನೀರಲ್ಲಿ ಎಂಥ ಹೆಚ್ಚು ಕಮ್ಮಿ ಮಾರಾಯ?" ಅಂದರು. ಅದಕ್ಕೇ ಇಲ್ಲಿ ಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸುವುದು ಅಂದೆ. ಹೇಳಬಾರದಿತ್ತು. ಭಾವನ ಕಣ್ಣು ಕುಕ್ಕರಿನ ಮೇಲೆ ಬಿತ್ತು. ದೀದಿ ಅದನ್ನು ಮೆಲ್ಲಗೆ ಎತ್ತಿ ಆಚೆ ಇಟ್ಟರು. ಬೇಜಾರಿನಲ್ಲಿ ಹೊರಗೆ ಬಂದು ಕಾಫಿ ಚರಟವನ್ನು ಒಲೆಗೆ ಸುರಿಯಲು ಹೋದರು. ಯಾಕ್ ಸಗಣಿಯ ಬೆರಣಿ ಉರಿಯುವ ಒಲೆ. ದೀದಿ ಓಡಿಬಂದು ಕೈ ಹಿಡಿದರು. ಶೆರ್ಪಾಗಳು ಒಲೆಗೆ ಕಸ ಹಾಕುವುದಿಲ್ಲ, ದೇವರಿಗೆ ಆಗುವುದಿಲ್ಲವಂತೆ.

ಆಮೇಲೆ ಪಾಪ ಅನ್ನಿಸಿತೋ ಏನೋ, ನಮ್ಮ ಹತ್ತಿರವೇ ಕೂತು ಯಾವೂರು ಅಂತ ಹಿಂದಿಯಲ್ಲಿ ಕೇಳಿದರು. ಭಾವ "ಕೊಡಗು" ಅಂದರು. ಗೊತ್ತಿಲ್ಲ. "ಕೂರ್ಗ್?" ಗೊತ್ತಿಲ್ಲ. ಮಡಿಕೇರಿ, ತಲಕಾವೇರಿ, ಯಾವುದೂ ಇಲ್ಲ. ನಾನು "ಬೈಲಕುಪ್ಪೆ ಹತ್ತಿರ" ಅಂದೆ. ದೀದಿಯ ಮುಖ ಅರಳಿತು. ಅವರ ತಂಗಿಯ ಮಗ ಅಲ್ಲಿನ ಟಿಬೆಟನ್ ಮಠದಲ್ಲಿ ಓದುತ್ತಿದ್ದಾನಂತೆ! ಭಾವನಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು. ಬೈಲಕುಪ್ಪೆ ಕೊಡಗೇ ಅಲ್ಲ, ಮೈಸೂರು ಜಿಲ್ಲೆ. ನಾವು ಕುಶಾಲನಗರ ದಾಟಿ ಮೊಮೊ ತಿನ್ನಲು ಹೋಗುವ ಜಾಗ. ಅದನ್ನೇ ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ದೀದಿ, ಹುಡುಗ ಸಣ್ಣವನಿದ್ದಾಗ ಹೋದವನು, ಆಮೇಲೆ ನೋಡಲು ಆಗಿಲ್ಲ, ಅಲ್ಲಿ ತುಂಬಾ ಸೆಕೆಯಾ ಅಂತ ಕೇಳಿದರು. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಲ್ಲ ದೀದಿ, ಮರಗಳಿವೆ. ಮಳೆ ಬರುತ್ತೆ. ರಾತ್ರಿ ಹೊದ್ದುಕೊಂಡೇ ಮಲಗಬೇಕು" ಅಂದರು. ಬೈಲಕುಪ್ಪೆಯ ಬಗ್ಗೆ ಅವರು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟಕ್ಕೆ ಮಲಗಿದ್ದರೆ ಚೆನ್ನಾಗಿತ್ತು. ಚಳಿಗೆ ಬ್ಯಾಟರಿ ಇಳಿಯಬಾರದು ಅಂತ ಅಲ್ಲಿ ಎಲ್ಲರೂ ಮೊಬೈಲನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗುತ್ತಾರೆ. ಮೊಬೈಲ್ ಇಡಬಹುದಾದರೆ ಫಿಲ್ಟರ್ ಯಾಕೆ ಇಡಬಾರದು? ರಾತ್ರಿಯಿಡೀ ಮೈಬಿಸಿಯಲ್ಲಿ ಇಳಿದರೆ ಬೆಳಿಗ್ಗೆ ಗಟ್ಟಿ ಡಿಕಾಕ್ಷನ್. ಇದು ಭಾವನ ಯೋಜನೆ. ಅವರ ಬ್ಯಾಗಿನ ಜಿಪ್ ಸಿಕ್ಕಿಹಾಕಿಕೊಂಡಿತ್ತು ಅಂತ ಅವತ್ತು ನನ್ನದನ್ನು ಅವರಿಗೆ ಕೊಟ್ಟಿದ್ದೆ. ನಡುರಾತ್ರಿ "ಅಯ್ಯಯ್ಯೋ" ಅಂತ ಕೂಗು. ಟಾರ್ಚ್ ಹಾಕಿದರೆ ಭಾವ ಎದ್ದು ಕೂತಿದ್ದಾರೆ, ಎದೆಯಿಂದ ಹೊಟ್ಟೆವರೆಗೆ ಡಿಕಾಕ್ಷನ್, ಗಡ್ಡದಲ್ಲಿ ಚರಟ. ಅಂಥಾ ಹೊತ್ತಲ್ಲೂ ಬೆರಳು ನೆಕ್ಕಿ ನೋಡಿ, "ಈ ಸಲ ಇಳಿದಿತ್ತು ನೋಡು" ಅಂದರು.

ಬೆಳಿಗ್ಗೆ ಗೈಡ್ ಅವರ ಬ್ಯಾಗಿನ ಜಿಪ್ಪಿಗೆ ಮೇಣ ಉಜ್ಜಿ ಸರಿಮಾಡಿದ. ಭಾವ ನನ್ನ ಬ್ಯಾಗನ್ನು ನೀಟಾಗಿ ಮಡಚಿ ನನ್ನ ಮಂಚದ ಮೇಲೆ ಇಟ್ಟು, "ನಿಂದು ನಿನಗೆ" ಅಂದರು. ಆಮೇಲಿನ ರಾತ್ರಿಗಳೆಲ್ಲ ನಾನು ಕಾಫಿಯೊಳಗೇ ಮಲಗಿದ್ದು. ಆ ಎತ್ತರದಲ್ಲಿ ಮೊದಲೇ ನಿದ್ದೆ ಬರಲ್ಲ, ಮೇಲಿಂದ ಈ ವಾಸನೆ. ಬೇಸ್ ಕ್ಯಾಂಪ್ 5364 ಮೀಟರ್, ಅಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಹೋದೆವು, ಫೋಟೊ ತೆಗೆದೆವು, ಬಂದೆವು. ಹೇಳಲು ಜಾಸ್ತಿ ಇಲ್ಲ.

ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ತಂದದ್ದು ಕಠ್ಮಂಡುವಿನ ತಾಮೆಲ್‌ನಲ್ಲಿ, ಡೆಪಾಸಿಟ್ ಕಟ್ಟಿ. ವಾಪಸ್ ಕೊಟ್ಟಾಗ ಅಂಗಡಿಯವನು ಬ್ಯಾಗ್ ಬಿಚ್ಚಿ ಕಲೆ ನೋಡಿದ. ಬಗ್ಗಿ ಮೂಸಿದ. ತಲೆ ಎತ್ತಿ ನನ್ನನ್ನು ನೋಡಿದ. ಮತ್ತೆ ಮೂಸಿದ. ಡೆಪಾಸಿಟ್ಟಿನಲ್ಲಿ ಅರ್ಧ ಹಿಡಿದುಕೊಂಡು ಉಳಿದದ್ದು ಎಣಿಸಿಕೊಟ್ಟು, ವಾಸನೆ ಮಾತ್ರ ಬಹಳ ಚೆನ್ನಾಗಿದೆ, ಯಾವ ಕಾಫಿ ಅಂತ ಕೇಳಿದ.

ಭಾವ ಕರಗಿ ಹೋದರು. ಉಳಿದಿದ್ದ ಪುಡಿಯನ್ನೆಲ್ಲ ಅವನ ಕೈಗಿಟ್ಟರು. ಫಿಲ್ಟರನ್ನೂ ಕೊಟ್ಟರು. ಕೊಡಗಿಗೆ ಬರಲೇಬೇಕು ಅಂತ ಅಡ್ರೆಸ್ ಬರೆದುಕೊಟ್ಟರು. ಡಿಸೆಂಬರಿನಲ್ಲಿ ಹೆಂಡತಿ ಮಕ್ಕಳ ಜೊತೆ ಬರ್ತಾನಂತೆ, ಹೋದ ವಾರ ಫೋನ್ ಬಂತು. ಫೋನ್ ಬಂದದ್ದು ನನಗೆ. ತೋಟ ಒಳಗಾಯಿತು, ಬಸ್ ಸ್ಟ್ಯಾಂಡಿಗೆ ಹತ್ತಿರ ಅಂತ ಭಾವ ಬರೆದುಕೊಟ್ಟಿದ್ದು ನಮ್ಮ ಮನೆ ಅಡ್ರೆಸ್.