ಮುಖ್ಯ ಅತಿಥಿ ಇಲ್ಲದ ಸಭೆ

ಮುಂಬೈಯ ನಮ್ಮ ಕನ್ನಡ ಕಾರ್ಯಕ್ರಮಗಳಲ್ಲಿ ನಿಜವಾದ ಮಾತುಕತೆ ನಡೆಯುವುದು ಊಟದ ಸಾಲಿನಲ್ಲಿ. ಯಾರ ಹೋಟೆಲ್‌ಗೆ ಊರಿಂದ ಹುಡುಗರು ಬರುವುದು ನಿಂತಿದೆ, ಯಾರ ಮಗಳು ಕನ್ನಡ ಮಾತಾಡುತ್ತಾಳೆ ಆದರೆ ಓದಲು ಬರುವುದಿಲ್ಲ, ಯಾರ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗಿದೆ, ಎಲ್ಲ ಅಲ್ಲೇ ಗೊತ್ತಾಗುವುದು. ಒಳಗೆ ಏನಾಯಿತು ಅಂತ ಕೇಳಿದರೆ ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು, ಸ್ಮರಣಿಕೆ, ಅಧ್ಯಕ್ಷರ ನಾಲ್ಕು ಮಾತು, ವಂದನಾರ್ಪಣೆ. ಅಧ್ಯಕ್ಷರ ನಾಲ್ಕು ಮಾತು ಎಷ್ಟು ಹೊತ್ತು ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಕರಪತ್ರದಲ್ಲಿ ಕೊನೆಗೆ ಹಾಕಿದ್ದ ‘ಸಂವಾದ’ ಸಮಯ ಸಾಲದೆ ರದ್ದು.

ಅಮೆರಿಕದ ಹ್ಯಾರಿಸನ್ ಓವನ್ ಅವರಿಗೂ ಇದೇ ಅನುಭವ ಆಗಿತ್ತು. 1983ರಲ್ಲಿ ಅವರೊಂದು ದೊಡ್ಡ ಸಮ್ಮೇಳನ ನಡೆಸಿದರು. ತಯಾರಿಗೇ ಒಂದು ವರ್ಷ ಹಿಡಿಯಿತು. ಮುಗಿದ ಮೇಲೆ ಜನ ಹೊಗಳಿದ್ದು ಮಾತ್ರ ಕಾಫಿಯ ಬಿಡುವನ್ನು! ಹಾಗಾದರೆ ಬಿಡುವನ್ನೇ ಸಭೆ ಮಾಡಿದರೆ ಹೇಗೆ ಅಂತ 1985ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಸುಮಾರು 85 ಜನರನ್ನು ದುಂಡಗೆ ಕೂರಿಸಿದರು. ಏನು ಮಾತಾಡಬೇಕು ಅಂತ ಬಂದವರೇ ತೀರ್ಮಾನಿಸಿದರು. ಅದಕ್ಕೆ ‘ಓಪನ್ ಸ್ಪೇಸ್’ ಅಂತ ಹೆಸರು ಬಂತು. 2005ರಲ್ಲಿ ಪಾಲೊ ಆಲ್ಟೊದಲ್ಲಿ ಕಂಪ್ಯೂಟರ್ ಹುಡುಗರು ಶುರುಮಾಡಿದ ಬಾರ್‌ಕ್ಯಾಂಪ್ ಅನ್ನುವ ಕೂಟ ಕೂಡ ಹೆಚ್ಚುಕಮ್ಮಿ ಇದೇ ದಾರಿಯದ್ದು. ಮುಂಬೈ, ಪುಣೆಯಲ್ಲೂ ಬಾರ್‌ಕ್ಯಾಂಪ್‌ಗಳು ನಡೆದಿವೆ. ಕನ್ನಡದ ಸಂಘ ಸಂಸ್ಥೆಗಳ ಕಡೆ ಮಾತ್ರ ಈ ಗಾಳಿ ಅಷ್ಟಾಗಿ ಬೀಸಿದ ಹಾಗೆ ಕಾಣುವುದಿಲ್ಲ.

ನಡೆಸುವ ರೀತಿ ಸುಲಭ. ಕರೆಯುವವರು ಒಂದೇ ಒಂದು ಪ್ರಶ್ನೆ ಇಟ್ಟು ಕರೆಯುತ್ತಾರೆ. ಗೋಡೆಯ ಮೇಲೆ ದೊಡ್ಡ ಖಾಲಿ ಹಾಳೆ. ಮೇಲೆ ಅಡ್ಡಸಾಲಿನಲ್ಲಿ ಹಾಲ್‌ನ ನಾಲ್ಕು ಮೂಲೆ, ಪಕ್ಕದಲ್ಲಿ ಮುಕ್ಕಾಲು ಗಂಟೆಯ ಮೂರು ಅವಧಿ. ಅಲ್ಲಿಗೆ 12 ಮನೆ ಆಯಿತು. ಮಾತಾಡಬೇಕು ಅನಿಸಿದವರು ಎದ್ದು ಬಂದು ವಿಷಯ ಬರೆದು, ಹೆಸರು ಹೇಳಿ, ಯಾವುದಾದರೂ ಮನೆಗೆ ಅಂಟಿಸುತ್ತಾರೆ. ಉಳಿದವರು ತಮಗೆ ಬೇಕಾದ ಮೂಲೆಗೆ ಹೋಗಿ ಕೂರುತ್ತಾರೆ. ಪ್ರತಿ ಗುಂಪಿನಲ್ಲಿ ಒಬ್ಬರು ಬರೆದುಕೊಳ್ಳುತ್ತಾರೆ. ಕೊನೆಗೆ ಎಲ್ಲರೂ ಮತ್ತೆ ದುಂಡಗೆ ಕೂತು, ಯಾರು ಏನು ಮಾಡುತ್ತೇವೆ ಅಂತ ಹೇಳಿ ಎದ್ದರೆ ಮುಗಿಯಿತು.

ಓವನ್ ಅವರ ಒಂದು ನಿಯಮ ನನಗೆ ತುಂಬಾ ಇಷ್ಟ. ಕೂತ ಜಾಗದಲ್ಲಿ ನೀವು ಕಲಿಯುತ್ತಲೂ ಇಲ್ಲ, ಕೊಡುತ್ತಲೂ ಇಲ್ಲ ಅನಿಸಿದರೆ ಎದ್ದು ಬೇರೆ ಗುಂಪಿಗೆ ಹೋಗಿ. ಎರಡು ಕಾಲಿನ ನಿಯಮ ಅಂತ ಅದಕ್ಕೆ ಹೆಸರು. ನಮ್ಮಲ್ಲಿ ಹಿರಿಯರು ಮಾತಾಡುವಾಗ ಎದ್ದು ಹೋಗುವುದು ಅಂದರೆ ಅವಮಾನ ಮಾಡಿದ ಹಾಗೆ. ಅದಕ್ಕೇ ಎಲ್ಲರೂ ಕೂತಲ್ಲೇ ಫೋನ್ ನೋಡುತ್ತೇವೆ. ಅದು ಮಾತ್ರ ಮರ್ಯಾದೆ! ಎದ್ದು ಹೋಗಬಹುದು ಅಂತ ಮೊದಲೇ, ಎಲ್ಲಕ್ಕಿಂತ ಹಿರಿಯರ ಬಾಯಿಂದಲೇ ಹೇಳಿಸಿದರೆ ಅರ್ಧ ಸಂಕೋಚ ಹೋಗುತ್ತದೆ.

ಆದರೆ ಅವರ ಇನ್ನೊಂದು ಸೂತ್ರದ ಜೊತೆ ನನ್ನದು ತಕರಾರು. ‘ಯಾರು ಬಂದಿದ್ದಾರೋ ಅವರೇ ಸರಿಯಾದವರು.’ ಬಾಗಿಲು ಹಾಕಿ ಕೂತ ಮೇಲೆ ಇದು ಒಳ್ಳೆಯ ಮಾತು. ಬಾರದವರ ಬಗ್ಗೆ ಕೊರಗದೆ ಇರುವವರ ಜೊತೆ ಕೆಲಸ ನಡೆಯುತ್ತದೆ. ಆದರೆ ಮುಂಬೈಯಲ್ಲಿ ಯಾರು ಬರುತ್ತಾರೆ ಅನ್ನುವುದು ಸಭೆಯ ದಿನ ತೀರ್ಮಾನ ಆಗುವುದಿಲ್ಲ. ನೀವು ದಿನ, ಹೊತ್ತು, ಜಾಗ ಗೊತ್ತುಮಾಡಿದಾಗಲೇ ಆಗಿಹೋಗಿರುತ್ತದೆ.

ಭಾನುವಾರ ಹನ್ನೊಂದಕ್ಕೆ ಮಾಟುಂಗಾ ಅಂತ ಇಡಿ. ಸೆಂಟ್ರಲ್ ಲೈನ್‌ನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಅಂತ ಕೆಲವು ಗಂಟೆ ಲೋಕಲ್ ರೈಲು ಕಮ್ಮಿ ಮಾಡುವುದು, ಇದ್ದರೆ ದೂರದ ಡೊಂಬಿವಲಿ, ಅಂಬರನಾಥದವರು ಬರುವುದು ಅನುಮಾನ. ಬಂದರೂ ಸೆಕೆಯಲ್ಲಿ ಬೆಂದು ಬರುತ್ತಾರೆ. ಹೋಟೆಲ್ ಕೆಲಸದವರಿಗೆ ಭಾನುವಾರವೇ ರಶ್ ಜಾಸ್ತಿ. ಅವರಿಗೆ ಸ್ವಲ್ಪ ಬಿಡುವು ಸಿಗುವುದು ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ. ಹೆಂಗಸರಿಗೆ ಭಾನುವಾರ ಬೆಳಗ್ಗೆ ಅಂದರೆ ಅಡುಗೆಮನೆ. ಇನ್ನು ಸಂಜೆ ಏಳಕ್ಕೆ ಇಟ್ಟರೆ ವಿರಾರ್‌ನವರು ಎಂಟಕ್ಕೇ ವಾಚ್ ನೋಡುತ್ತಾರೆ. ಕೊನೆಗೆ ಬರುವವರು ಯಾರು? ಹತ್ತಿರದಲ್ಲೇ ಇರುವ, ರಿಟೈರ್ ಆದ, ಸ್ವಂತ ಕಾರಿರುವ ಗಂಡಸರು. ಅವರೂ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಮುಂಬೈ ಕನ್ನಡಿಗರ ಅಭಿಪ್ರಾಯ ಅಂತ ಅವರದ್ದನ್ನೇ ಬರೆದುಕೊಂಡರೆ ಅದು ಹಳೆಯ ಕಮಿಟಿಯ ಮೀಟಿಂಗೇ, ಕುರ್ಚಿ ಮಾತ್ರ ದುಂಡಗೆ ಅಷ್ಟೇ.

ಹಾಗಾಗಿ ಬಂದವರೇ ನಡೆಸುವ ಸಭೆಗೆ ತಯಾರಿ ಕಮ್ಮಿ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಭಾಷಣಕಾರರಿಗೆ ಫೋನ್ ಮಾಡುವ ಕೆಲಸ ತಪ್ಪುತ್ತದೆ, ನಿಜ. ಆ ಹೊತ್ತನ್ನು ಬಾರದವರು ಯಾಕೆ ಬರುವುದಿಲ್ಲ ಅಂತ ತಿಳಿಯಲು ಹಾಕಬೇಕು. ಎಲ್ಲರಿಗೂ ಹೊಂದುವ ಹೊತ್ತು ಈ ಊರಲ್ಲಿ ಇಲ್ಲ. ಅದಕ್ಕೆ ಒಂದೇ ಪ್ರಶ್ನೆಗೆ ಎರಡು ಸಭೆ ಮಾಡಿ. ಒಂದು ಸಭೆ ವಾರದ ನಡುವೆ ಮಧ್ಯಾಹ್ನ ಮೂರಕ್ಕೆ ಫೋರ್ಟ್ ಕಡೆ, ಇನ್ನೊಂದು ಶನಿವಾರ ಸಂಜೆ ಡೊಂಬಿವಲಿಯಲ್ಲೇ. ಮಕ್ಕಳನ್ನು ಕರೆದುಕೊಂಡು ಬನ್ನಿ ಅಂತ ಹೇಳಿ, ಅವರಿಗೊಂದು ಮೂಲೆ ಇಡಿ. ಗೋಡೆಯ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಬೇಕು ಅಂತ ಹಟ ಬೇಡ. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡ ಬಾಯಲ್ಲಿದೆ, ಕೈಯಲ್ಲಿಲ್ಲ. ದೇವನಾಗರಿಯಲ್ಲಿ ಬರೆಯಲಿ ಬಿಡಿ, ಮಾತು ಕನ್ನಡದಲ್ಲಿ ಆದರೆ ಸಾಕಲ್ವಾ?

ಪ್ರಶ್ನೆಯೂ ಕೆಲಸಕ್ಕೆ ಬರುವಂತಿರಲಿ. ‘ಕನ್ನಡದ ಅಳಿವು ಉಳಿವು’ ಅಂತ ಇಟ್ಟರೆ ಭಾಷಣವೇ ಬರುತ್ತದೆ. ‘ಮುಂದಿನ ಜೂನ್‌ನಿಂದ ನಮ್ಮ ಮಕ್ಕಳಿಗೆ ಕನ್ನಡ ಓದಲು ಎಲ್ಲಿ, ಯಾರು ಕಲಿಸುವುದು’ ಅಂತ ಇಟ್ಟು ನೋಡಿ.

ಹಾಲ್ ಬಗ್ಗೆ ಒಂದು ಮಾತು. ನೆಲಕ್ಕೆ ಬಿಗಿದ ಕುರ್ಚಿಯ ಆಡಿಟೋರಿಯಂ ಎಷ್ಟೇ ಚೆನ್ನಾಗಿದ್ದರೂ ಇದಕ್ಕೆ ಪ್ರಯೋಜನವಿಲ್ಲ. ಮೈಕ್ ಬೇಡವೇ ಬೇಡ. ಮೈಕ್ ಕೈಗೆ ಸಿಕ್ಕಿದ ಕೂಡಲೇ ‘ಸಭೆಯಲ್ಲಿ ನೆರೆದಿರುವ’ ಅಂತ ಶುರುವಾಗುತ್ತದೆ. ಚಹಾ ಮೊದಲಿಂದ ಕೊನೆಯವರೆಗೂ ಇರಲಿ.

ಎಲ್ಲ ಸಭೆಯನ್ನೂ ಹೀಗೆ ಮಾಡಲು ಬರುವುದಿಲ್ಲ. ಲೆಕ್ಕಪತ್ರ, ಚುನಾವಣೆ, ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆ ಇವಕ್ಕೆಲ್ಲ ಮುಂಚಿತವಾಗಿ ಅಜೆಂಡಾ ಕಳಿಸಲೇಬೇಕು. ಅದಕ್ಕಿಂತ ಮುಖ್ಯವಾಗಿ, ಕಮಿಟಿ ಒಳಗೊಳಗೇ ತೀರ್ಮಾನ ಮಾಡಿ ಆಗಿದ್ದರೆ ದಯವಿಟ್ಟು ಜನರನ್ನು ದುಂಡಗೆ ಕೂರಿಸಿ ‘ನಿಮ್ಮ ಅಭಿಪ್ರಾಯ ಹೇಳಿ’ ಅನ್ನಬೇಡಿ. ನೇರವಾಗಿ ನೋಟಿಸ್ ಹಾಕಿ. ಜನ ಬೈದರೂ ಮರೆಯುತ್ತಾರೆ. ಕೇಳಿದ ಹಾಗೆ ಮಾಡಿ ಕೇಳದೇ ಇದ್ದರೆ ಮುಂದಿನ ಸಲ ಯಾರೂ ಬರುವುದಿಲ್ಲ.

ಸಭೆ ಶುರುವಾದ ಮೇಲೆ ಕರೆದವರ ಕೆಲಸ ಸುಮ್ನೆ ಇರುವುದು. ಗೋಡೆಯ ಹಾಳೆ ಐದು ನಿಮಿಷ ಖಾಲಿಯಾಗೇ ಇರುತ್ತದೆ. ಆಗ ಯಾರಾದರೂ ಕಾರ್ಯದರ್ಶಿಗಳು ಎದ್ದು ‘ನಾನೇ ಒಂದು ವಿಷಯ ಹೇಳುತ್ತೇನೆ’ ಅಂದರೆ ಕೆಟ್ಟಿತು, ಎಲ್ಲರೂ ಮತ್ತೆ ಪ್ರೇಕ್ಷಕರು. ಆ ಐದು ನಿಮಿಷ ಅವರ ಕೈಗೆ ಚಹಾದ ಕೆಟಲ್ ಕೊಡಿ.

ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಈ ಊರಲ್ಲಿ ಸಭೆ ಸೇರುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಮೇಲೆ ಹೇಳಿದ ಮಕ್ಕಳ ಪ್ರಶ್ನೆ ಇಟ್ಟುಕೊಂಡೇ ಮಳೆಗಾಲಕ್ಕೆ ಮುಂಚೆ ಒಂದು ಸಭೆ ಮಾಡಬೇಕು ಅಂತ ನಾವು ಕೆಲವರು ಯೋಚಿಸಿದ್ದೇವೆ. ಫೋರ್ಟ್ ಅಥವಾ ಸಿಎಸ್‌ಎಂಟಿ ರೈಲು ಸ್ಟೇಷನ್‌ಗೆ ನಡೆದು ಹೋಗುವಷ್ಟು ದೂರದಲ್ಲಿ, ಮೂವತ್ತು ಜನ ಕೂರುವ, ಕುರ್ಚಿ ಎತ್ತಿಡಲು ಬರುವ ಜಾಗ ಗೊತ್ತಿದ್ದರೆ ಹೇಳಿ. ಎಸಿ ಇಲ್ಲದಿದ್ದರೂ ನಡೆಯುತ್ತದೆ, ಗೋಡೆಗೆ ಟೇಪ್ ಅಂಟಿಸಲು ಬಿಡಬೇಕು.