ಟಿಕ್ ಇದ್ದವನೇ ಒಡೆಯ

ಎಕ್ಸ್‌ನಲ್ಲಿ, ಅಂದರೆ ಹಳೆಯ ಟ್ವಿಟ್ಟರ್‌ನಲ್ಲಿ, ಖಾತೆಯ ಹೆಸರಿನ ಪಕ್ಕ ಬರುವ ನೀಲಿ ಟಿಕ್ ಜನರನ್ನು ದಾರಿ ತಪ್ಪಿಸುತ್ತದಂತೆ. 2025ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ನೋಡುವ ಯುರೋಪಿಯನ್ ಕಮಿಷನ್ ಎಕ್ಸ್‌ಗೆ 12 ಕೋಟಿ ಯೂರೋ ದಂಡ ಹಾಕಿದ್ದಕ್ಕೆ ಇದೂ ಒಂದು ಕಾರಣ. ಛೆ, ಎಂಥ ಅನ್ಯಾಯ! ಇಷ್ಟು ಪ್ರಾಮಾಣಿಕ ಗುರುತು ಇನ್ನೊಂದಿದೆಯಾ? ಈ ಮನುಷ್ಯ ದುಡ್ಡು ಕಟ್ಟಿದ್ದಾನೆ ಅಂತ ನೇರವಾಗಿ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಅರ್ಥ ಮಾಡಿಕೊಂಡರೆ ನಮ್ಮ ಹಣೆಬರಹ.

2009ರಲ್ಲಿ ಟಿಕ್ ಹುಟ್ಟಿದ್ದು ದೊಡ್ಡವರ ಹೆಸರಲ್ಲಿ ಖಾತೆ ತೆರೆಯುವ ನಕಲಿಗಳ ಕಾಟಕ್ಕೆ. ಆಮೇಲೆ ಅದು ದೊಡ್ಡವರ ಎದೆಯ ಪದಕವಾಯಿತು. 2022ರಲ್ಲಿ ಎಲಾನ್ ಮಸ್ಕ್ ಸಾಹೇಬರು ಟ್ವಿಟ್ಟರನ್ನೇ ಕೊಂಡುಕೊಂಡು ಬಂದರು. ಈ ಒಡೆಯ–ಒಕ್ಕಲು ಪದ್ಧತಿ ಸರಿಯಿಲ್ಲ ಎಂದರು. ತಿಂಗಳಿಗೆ 8 ಡಾಲರ್ ಕೊಟ್ಟರೆ ಯಾರು ಬೇಕಾದರೂ ಒಡೆಯರು. ಕೊಡದವರು? ಒಕ್ಕಲುಗಳೇ, ಇನ್ನೇನು.

ಮಾರಾಟ ಶುರುವಾದ ವಾರವೇ ಔಷಧ ಕಂಪನಿ ಎಲೈ ಲಿಲ್ಲಿಯ ಹೆಸರಲ್ಲಿ ಒಂದು ನಕಲಿ ಖಾತೆ, ಇನ್ನು ಇನ್ಸುಲಿನ್ ಫ್ರೀ ಎಂದು ಸಾರಿತು. ಅದಕ್ಕೂ ಟಿಕ್ ಇತ್ತು. ಅಸಲಿ ಕಂಪನಿ ಬಂದು ಕ್ಷಮೆ ಕೇಳಿತು. ಫ್ರೀ ಕೊಡದಿದ್ದಕ್ಕಲ್ಲ, ಫ್ರೀ ಅಂತ ಸುದ್ದಿ ಹಬ್ಬಿದ್ದಕ್ಕೆ. ಇಡೀ ಕಥೆಯಲ್ಲಿ ಒಳ್ಳೆಯ ಸುದ್ದಿ ಕೊಟ್ಟವನು ಆ ನಕಲಿ ಆಸಾಮಿ ಒಬ್ಬನೇ.

2023ರ ಏಪ್ರಿಲ್‌ನಲ್ಲಿ ತೀರಿಹೋದವರಿಗೂ ಟಿಕ್ ಬಂತು. ನಟ ಚಾಡ್ವಿಕ್ ಬೋಸ್‌ಮನ್, ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್. ಟಿಕ್ ಒತ್ತಿ ನೋಡಿದರೆ, ಚಂದಾ ಕಟ್ಟಿದ್ದಾರೆ, ಫೋನ್ ನಂಬರ್ ದೃಢಪಡಿಸಿದ್ದಾರೆ ಅಂತ ಬರೆದಿತ್ತು. ಸತ್ತ ಮೇಲೂ ಒಟಿಪಿ ಬೆನ್ನು ಬಿಡುವುದಿಲ್ಲ ಅಂತಾಯಿತು.

ಅಂದ ಹಾಗೆ, 2022ರ ಡಿಸೆಂಬರ್‌ನಲ್ಲಿ ಟ್ವಿಟ್ಟರ್‌ನಲ್ಲೇ ನಡೆದ ಆ ಮತದಾನ ನೆನಪಿದೆ ಅಲ್ವಾ? ನಾನು ಟ್ವಿಟ್ಟರ್ ಮುಖ್ಯಸ್ಥನ ಕುರ್ಚಿ ಬಿಡಬೇಕಾ ಅಂತ ಸಾಹೇಬರೇ ಕೇಳಿದ್ದರು. ಅದಕ್ಕೂ ತಿಂಗಳ ಹಿಂದೆಯಷ್ಟೇ, ಜನರ ದನಿಯೇ ದೇವರ ದನಿ ಎಂದಿದ್ದರು. ಈ ಸಲ 57.5 ಶೇಕಡಾ ದೇವರುಗಳು ಬಿಡಿ ಎಂದುಬಿಟ್ಟರು. ಆಗ ಯಾರೋ ಒಬ್ಬರು, ನೀತಿಯ ವಿಷಯದಲ್ಲಿ ಚಂದಾದಾರರಿಗೆ ಮಾತ್ರ ಮತ ಇರಲಿ ಎಂದರು. ಒಳ್ಳೆಯ ಮಾತು, ಹಾಗೇ ಮಾಡುತ್ತೇವೆ ಎಂದರು ಸಾಹೇಬರು. ದೇವರಿಗೂ ಚಂದಾ! ಎಲ್ಲರಿಗೂ ಮತ ಕೊಡಿಸಲು ಹಿಂದಿನವರು ಸುಮ್ನೆ ಅಷ್ಟು ವರ್ಷ ಬಡಿದಾಡಿದರು.

ನಕ್ಕಿದ್ದು ಸಾಕು. ದುಡ್ಡು ಕಟ್ಟಿದವನ ಉತ್ತರ ಎಲ್ಲರಿಗಿಂತ ಮೇಲೆ ಬರುತ್ತದೆ. 2023ರಿಂದ, ಜಾಸ್ತಿ ಜನ ನೋಡಿದರೆ ಅವನಿಗೆ ದುಡ್ಡೂ ಬರುತ್ತದೆ. ಜನ ಯಾವುದನ್ನು ಜಾಸ್ತಿ ನೋಡುತ್ತಾರೆ? ಸಿಟ್ಟು ಬರಿಸುವುದನ್ನು. ಭೂಕಂಪವಾಗಲಿ, ಯುದ್ಧವಾಗಲಿ, ಹಳೆಯ ವಿಡಿಯೋಗೆ ಹೊಸ ಊರಿನ ಹೆಸರು ಅಂಟಿಸಿದರೆ ಮುಗಿಯಿತು. 2025ರ ನವೆಂಬರ್‌ನಲ್ಲಿ ಖಾತೆ ಯಾವ ದೇಶದ್ದು ಅಂತ ತೋರಿಸಲು ಶುರು ಮಾಡಿದಾಗ, ಅಮೆರಿಕದ ಅಪ್ಪಟ ದೇಶಭಕ್ತರು ಎನಿಸಿಕೊಂಡಿದ್ದ ಹಲವರು ಬೇರೆ ಖಂಡಗಳಲ್ಲಿ ಸಿಕ್ಕಿದರು. ಅವರನ್ನು ಬೈದು ಏನು ಪ್ರಯೋಜನ? ಬೆಂಕಿ ಹಚ್ಚುವುದಕ್ಕೆ ಕೂಲಿ ಕೊಡುವವನು ಬೇರೆ ಇದ್ದಾನೆ. ಆ ಭೂಕಂಪದಲ್ಲಿ ನಿಜವಾಗಿ ಮನೆ ಕಳೆದುಕೊಂಡವನೂ ಅಲ್ಲೇ ಎರಡು ಸಾಲು ಬರೆದಿರುತ್ತಾನೆ. ಟಿಕ್ ಇಲ್ಲ. ಎಲ್ಲೋ ಕೆಳಗಿದ್ದಾನೆ. ಅಲ್ಲಿವರೆಗೆ ಯಾರೂ ಹೋಗುವುದಿಲ್ಲ.