ಬೀಮಿನಲ್ಲೊಂದು ತೂತು

ಸ್ಲ್ಯಾಬ್ ಹಾಕಿ ಆಯ್ತು. ಸೆಂಟ್ರಿಂಗ್ ಬಿಚ್ಚಿಯೂ ಆಯ್ತು. ಆಮೇಲೆ ಪ್ಲಂಬರ್ ಪೈಪ್ ಹಿಡಿದುಕೊಂಡು ಬಂದು ಮೇಲೆ ನೋಡುತ್ತಾನೆ. ಅವನ ನಕ್ಷೆಯಲ್ಲಿ ಪೈಪ್ ಹೋಗಬೇಕಾದ ಕಡೆ ದಪ್ಪನೆ ಬೀಮ್ ಕೂತಿದೆ. ಬೀಮಿನವರ ನಕ್ಷೆಯಲ್ಲಿ ಪೈಪಿನ ಸುಳಿವೇ ಇಲ್ಲ. ಎರಡಕ್ಕೂ ಒಪ್ಪಿಗೆಯ ಸೀಲು ಮಾತ್ರ ಚೆನ್ನಾಗಿ ಬಿದ್ದಿದೆ.

ಪ್ಲಂಬರ್ ನೇರವಾಗಿ ಡಿಸೈನ್ ಇಂಜಿನಿಯರನ್ನು ಕೇಳಬಹುದಲ್ವಾ? ಛೇ, ಅದು ಪದ್ಧತಿಯಲ್ಲ. ಅವನು ಸಬ್‌ಕಂಟ್ರಾಕ್ಟರಿಗೆ ಹೇಳಬೇಕು. ಅವರು ಕಂಟ್ರಾಕ್ಟರಿಗೆ ಬರೆಯಬೇಕು. ಅಲ್ಲಿಂದ ಕನ್ಸಲ್ಟೆಂಟ್, ಆರ್ಕಿಟೆಕ್ಟ್, ಕೊನೆಗೆ ಇಂಜಿನಿಯರ್. ಉತ್ತರವೂ ಇದೇ ಮೆಟ್ಟಿಲು ಇಳಿದು ಬರಬೇಕು. ಅಷ್ಟರಲ್ಲಿ ಹುಡುಗನೊಬ್ಬ ಡ್ರಿಲ್ ತಂದು ತೂತು ಹೊಡೆದಿರುತ್ತಾನೆ, ಎರಡು ಕಂಬಿಯೂ ತುಂಡಾಗಿರುತ್ತವೆ. ಆಮೇಲೆ ಪತ್ರ ಬರುತ್ತದೆ: "ಯಾವ ಕಾರಣಕ್ಕೂ ತೂತು ಕೊರೆಯಕೂಡದು." ಅದನ್ನು ಫೈಲಿಗೆ ಸೇರಿಸುತ್ತಾರೆ.

ಈ ರೋಗಕ್ಕೆ ಮದ್ದು ಇಲ್ಲ ಅಂತಲ್ಲ. 1994ರಲ್ಲಿ ಬ್ರಿಟನ್ನಿನಲ್ಲಿ ಸರ್ ಮೈಕೇಲ್ ಲೇಥಮ್ ಕಟ್ಟಡ ಉದ್ಯಮದ ಬಗ್ಗೆ ವರದಿ ಕೊಟ್ಟರು: ಕಿತ್ತಾಡಬೇಡಿ, ಕೂಡಿ ಕೆಲಸ ಮಾಡಿ. 1998ರಲ್ಲಿ ಸರ್ ಜಾನ್ ಈಗನ್ ಸಮಿತಿಯ ವರದಿ ಬಂತು. ಅದೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಒಬ್ಬರಿಗೊಬ್ಬರು ಮಾತಾಡಿ ಅಂತ ಬೆಳೆದವರಿಗೆ ಎರಡೆರಡು ಸಲ ವರದಿ ಬರೆದು ಹೇಳಬೇಕಾಯ್ತು, ನೋಡಿ.

ಅವಸರದವರ ಕಥೆ ಇನ್ನೂ ಸೊಗಸು. ಸಿಡ್ನಿ ಒಪೆರಾ ಹೌಸಿನ ಚಾವಣಿಯನ್ನು ಹೇಗೆ ಕಟ್ಟುವುದು ಅಂತ ತೀರ್ಮಾನ ಆಗುವ ಮೊದಲೇ, 1959ರಲ್ಲಿ, ಕೆಳಗಿನ ಕೆಲಸ ಶುರುವಾಯ್ತು. ಆಮೇಲೆ ನೋಡಿದರೆ ಕಂಬಗಳಿಗೆ ಚಾವಣಿ ಹೊರುವ ತಾಕತ್ತಿಲ್ಲ! 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂದಾಜು 10.2 ಕೋಟಿ ಮುಟ್ಟಿತು. ಮುಗಿದದ್ದು 1973ರಲ್ಲಿ. ಬರ್ಲಿನ್ನಿನ ಹೊಸ ವಿಮಾನ ನಿಲ್ದಾಣದವರಂತೂ 2012ರ ಜೂನ್‌ನಲ್ಲಿ ಉದ್ಘಾಟನೆ ಅಂದಿದ್ದರು. ಇನ್ನು ನಾಲ್ಕು ವಾರವೂ ಇಲ್ಲ ಅನ್ನುವಾಗ, ಬೆಂಕಿ ಬಿದ್ದರೆ ಹೊಗೆ ಹೊರಹಾಕುವ ವ್ಯವಸ್ಥೆಯೇ ಸರಿಯಿಲ್ಲ ಅಂತಾಯ್ತು. ಬಾಗಿಲು ತೆರೆದದ್ದು 2020ರ ಅಕ್ಟೋಬರಿನಲ್ಲಿ.

ಈಗ ಕಂಪ್ಯೂಟರ್ ಮಾಡೆಲ್ ಇದೆ. ಪೈಪ್ ಬೀಮಿಗೆ ಡಿಕ್ಕಿ ಹೊಡೆದರೆ ಪರದೆಯ ಮೇಲೆ ಕೆಂಪಗೆ ತೋರಿಸುತ್ತದೆ. ನಿಜಕ್ಕೂ ಒಳ್ಳೆಯ ವಸ್ತು, ತಮಾಷೆ ಮಾಡುತ್ತಿಲ್ಲ. ಆದರೆ ಮಾಡೆಲ್ ಮಾಡುವವರನ್ನು ಕರೆಯೋದು ಸ್ಲ್ಯಾಬ್ ಹಾಕಿದ ಮೇಲೆ. ಮೇಸ್ತ್ರಿಯನ್ನಂತೂ ಕರೆಯೋದೇ ಇಲ್ಲ. ಟೆಂಡರ್ ಮುಗಿಯದೆ ಅವರು ಯಾರು ಅಂತಲೇ ಗೊತ್ತಿರೋದಿಲ್ಲ. ಗೊತ್ತಾಗುವ ಹೊತ್ತಿಗೆ ನಕ್ಷೆಗೆ ಸೀಲು ಬಿದ್ದಿರುತ್ತದೆ.

ಬದಲಿಗೆ ಒಂದು ದಿನದ ಕಾರ್ಯಾಗಾರ ಮಾಡುತ್ತಾರೆ. ಬಣ್ಣದ ಚೀಟಿ ಅಂಟಿಸುತ್ತಾರೆ, ಕೈ ಕುಲುಕುತ್ತಾರೆ. "ನಾವೆಲ್ಲ ಒಂದೇ ತಂಡ" ಅನ್ನುವ ದೊಡ್ಡ ಬೋರ್ಡಿಗೆ ಎಲ್ಲರೂ ಸಹಿ ಹಾಕುತ್ತಾರೆ. ಅದನ್ನು ಹೊಸ ಗೋಡೆಗೆ ತಗುಲಿಹಾಕಲು ಮೊಳೆ ಹೊಡೆದರೆ, ಒಳಗಿದ್ದ ಪೈಪ್ ಒಡೆದು ನೀರು ಚಿಮ್ಮುತ್ತದೆ. ರಿಪೇರಿ ಖರ್ಚು ಯಾರದು ಅಂತ ಕೇಳಿ ಕನ್ಸಲ್ಟೆಂಟರಿಗೆ ಪತ್ರ ಹೋಗಿದೆ.